ಪ್ರೆಸ್ಪಾ ಸರೋವರದ ತೀರದಲ್ಲೊಂದು ಗಡಿಗ್ರಾಮ

ಗ್ರೀಸ್ ದೇಶದ ವಾಯವ್ಯ ಮೂಲೆಯಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 850 ಮೀಟರ್ ಎತ್ತರದಲ್ಲಿ, ಪರ್ವತಗಳಿಂದ ಸುತ್ತುವರಿಯಲ್ಪಟ್ಟ ಮಹಾಪ್ರೆಸ್ಪಾ ಎಂಬ ಸರೋವರವಿರುವುದು. ಇದರ ಹೆಚ್ಚಿನ ಭಾಗವು ಉತ್ತರ ಮೆಸಿಡೋನಿಯಕ್ಕೂ, ಉಳಿದುದು ಅಲ್ಬೇನಿಯ ಮತ್ತು ಗ್ರೀಸ್ ದೇಶಗಳಿಗೂ ಸೇರಿದೆ. ಮೂರು ರಾಜ್ಯಗಳ ಎಲ್ಲೆಗಳು ಕೂಡುವ ಸ್ಥಾನವು ನಡುನೀರಿನಲ್ಲಿರುವುದು. ಆದರೆ ನೀರಿಗೆ ಈ ಎಲ್ಲೆಗಳ ಗೊಡವೆಯಿಲ್ಲ. ಹೊರಗೆ ಹರಿಯಲು ಮೇಲೆ ದಾರಿಯಿಲ್ಲದೆ ಅದು ಸುಣ್ಣಕಲ್ಲಿನ ಬೆಟ್ಟದೊಳಗೆ ಇಂಗಿ, ಇನ್ನೂ ತಗ್ಗಿನಲ್ಲಿರುವ ಓಹ್ರಿಡ್ ಸರೋವರವನ್ನು ಸೇರುವುದು.

ಮಹಾಪ್ರೆಸ್ಪಾದ ಗ್ರೀಕ್ ತೀರದಲ್ಲಿರುವ ಒಂದೇ ಗ್ರಾಮವು ಪ್ಸರಾದೆಸ್. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಬೆಸ್ತರು ಎಂದರ್ಥ. ಕಿರಿದಾದ ಕೊಲ್ಲಿಯೊಂದರ ಎರಡು ಮಗ್ಗುಲುಗಳಲ್ಲಿ ಕಲ್ಲಿನ ಮನೆಗಳು. ಮೀನುಗಾರಿಕೆಯೇ ಪೂರ್ವದಿಂದ ಬಂದ ಕಸಬು. ಇಲ್ಲಿನ ಗಿಡ್ಡ ತಳಿಯ ದನಗಳು ಪ್ರಸಿದ್ಧವಾದುವು. ದೋಣಿಯಲ್ಲಿ ಸ್ವಲ್ಪ ದೂರ ಸಾಗಿದರೆ ಬಂಡೆಯ ಗವಿಗಳಲ್ಲಿ ಕ್ರೈಸ್ತ ತಪಸ್ವಿಗಳ ಆಶ್ರಮಗಳು ಕಾಣಬರುವುವು. ಅವುಗಳಲ್ಲಿ ಕರುಣಾಮಯಿಯಾದ ಮೇರಿಮಾತೆಯ ಗುಡಿಯು 15ನೆಯ ಶತಮಾನದ ಆದಿಭಾಗಕ್ಕೆ ಸೇರಿದುದು.

ಆದರೆ ಪ್ಸರಾದೆಸ್ ಎಂಬುದು ಗ್ರಾಮದ ಹಳೆಯ ಹೆಸರಲ್ಲ. ಇದು ಮೊದಲು ನಿವಿತ್ಸಿ ಎನಿಸಿಕೊಂಡಿತ್ತು. ನಿವಾಸಿಗಳ ಮನೆಮಾತು ಒಂದು ಸ್ಲಾವ್ ನುಡಿ. 1912ರವರೆಗೆ ಈ ಸೀಮೆಯು ತುರ್ಕಿ ಸುಲ್ತಾನನ ಆಳ್ವಿಕೆಯಲ್ಲಿದ್ದಿತು. ಬಾಲ್ಕನ್ ಯುದ್ಧಗಳು ಮುಗಿದು 1913ರಲ್ಲಿ ಬುಕಾರೆಸ್ಟ್ ಒಪ್ಪಂದವಾದಾಗ ಗ್ರಾಮವು ಗ್ರೀಸಿನ ಪಾಲಿಗೆ ಬಂದಿತು. 1920ರ ದಶಕದಲ್ಲಿ ಉತ್ತರ ಸೀಮೆಯ ನೂರಾರು ಊರುಗಳಿಗೆ ಸರಕಾರವು ಗ್ರೀಕ್ ಹೆಸರುಗಳನ್ನಿಟ್ಟಿತು. ನಿವಿತ್ಸಿಯು ಪ್ಸರಾದೆಸ್ ಆಯಿತು. 1936ರಲ್ಲಿ ಸರ್ವಾಧಿಕಾರಿಯಾದ ಮೆಟಾಕ್ಸಾಸನ ಕಾಲದಲ್ಲಿ ಸ್ಲಾವ್ ಮಾತಾಡುವುದೇ ದಂಡನೀಯವೆನಿಸಿತು.

ಅನಂತರ 1946ರಿಂದ 1949ರವರೆಗೆ ನಡೆದ ಅಂತಃಕಲಹದಲ್ಲಿ ಪ್ರೆಸ್ಪಾ ಪ್ರಾಂತವು ಸಮತಾವಾದಿ ಸೈನ್ಯದ ನೆಲೆಯಾಗಿದ್ದಿತು. 1948ರಲ್ಲಿ ಈ ಸೀಮೆಯ ಮಕ್ಕಳನೇಕರನ್ನು ಗಡಿಯಾಚೆಗೆ ಸಾಗಿಸಿದರು. ಮರುವರ್ಷ ಆ ಸೈನ್ಯವು ಸೋತಾಗ ಅನೇಕ ಕುಟುಂಬಗಳು ಅಲ್ಬೇನಿಯ, ಯುಗೋಸ್ಲಾವಿಯ ದೇಶಗಳಿಗೆ ಹೋಗಿ, ಅಲ್ಲಿಂದ ಪೂರ್ವ ಯೂರೋಪಿನಲ್ಲೆಲ್ಲ ಚದುರಿಹೋದುವು. 1982ರಲ್ಲಿ ಗ್ರೀಕ್ ಸರಕಾರವು ಈ ನಿರಾಶ್ರಿತರಿಗೆ ಮರಳಿ ಬರಲು ಅಪ್ಪಣೆ ಕೊಟ್ಟಿತು. ಆದರೆ ಗ್ರೀಕ್ ವಂಶದವರಿಗೆ ಮಾತ್ರವೆಂಬ ಕಟ್ಟಳೆಯಿದ್ದುದರಿಂದ, ಹುಟ್ಟೂರು ಕಣ್ಣೆದುರಿನ ದಡದಲ್ಲಿದ್ದರೂ ಸ್ಲಾವ್ ನುಡಿಯವರನೇಕರಿಗೆ ಅದು ಪರದೇಶವಾಗಿಯೇ ಉಳಿಯಿತು.

ಈ ನಡುವೆ 1991ರಲ್ಲಿ ಯುಗೋಸ್ಲಾವಿಯದಿಂದ ಬೇರೆಯಾದ ನೆರೆರಾಜ್ಯವು ಮೆಸಿಡೋನಿಯ ಎಂಬ ಹೆಸರನ್ನು ಧರಿಸಿತು. ಅದು ತಮ್ಮ ಉತ್ತರ ಪ್ರಾಂತದ ಹೆಸರೆಂದೂ, ತಮ್ಮ ಚರಿತ್ರೆಯ ಆಸ್ತಿಯೆಂದೂ ಗ್ರೀಕರು ಆಕ್ಷೇಪಿಸಿದರು. ಇಪ್ಪತ್ತೇಳು ವರ್ಷ ಬೆಳೆದ ಆ ವಿವಾದವನ್ನು ತೀರಿಸುವುದಕ್ಕೆ ಆರಿಸಿದ ಸ್ಥಳವು ಪ್ಸರಾದೆಸ್. 2018ನೆಯ ಜೂನ್ 17ರಂದು ನೆರೆರಾಜ್ಯದ ಪ್ರಧಾನಿ ಜಾಯೆವ್ ದೋಣಿಯಲ್ಲಿ ಸರೋವರವನ್ನು ದಾಟಿ ಬಂದನು. ಗ್ರೀಸಿನ ಪ್ರಧಾನಿ ಸಿಪ್ರಾಸ್ ಅವನನ್ನು ತೀರದಲ್ಲಿ ಎದುರುಗೊಂಡನು. ಉಭಯ ದೇಶಗಳ ವಿದೇಶಾಂಗ ಸಚಿವರು ಒಪ್ಪಂದಕ್ಕೆ ರುಜು ಹಾಕಿದರು. 2019ನೆಯ ಫೆಬ್ರವರಿಯಿಂದ ಆ ರಾಜ್ಯವು ಉತ್ತರ ಮೆಸಿಡೋನಿಯ ಎನಿಸಿತು.

ಅದೇ ಒಪ್ಪಂದದಲ್ಲಿ ನೆರೆರಾಜ್ಯದ ಭಾಷೆಯನ್ನು ಮೆಸಿಡೋನಿಯನ್ ಎಂದು ಕರೆಯಲು ಗ್ರೀಸ್ ಸಮ್ಮತಿಸಿತು. ಅದು ದಕ್ಷಿಣ ಸ್ಲಾವ್ ಭಾಷಾವರ್ಗಕ್ಕೆ ಸೇರಿದುದೆಂದೂ ಅದರಲ್ಲಿಯೇ ಬರೆಯಲಾಗಿದೆ. ನಿವಿತ್ಸಿಯ ಹಿರಿಯರು ಆಡುತ್ತಿದ್ದ ನುಡಿಯು ಅದರ ಹತ್ತಿರದ ಬಂಧು. 1936ರಲ್ಲಿ ಅದನ್ನಾಡಿದವರಿಗೆ ಶಿಕ್ಷೆಯಿದ್ದ ದಡದ ಮೇಲೆಯೇ, ಎಂಬತ್ತೆರಡು ವರ್ಷಗಳ ತರುವಾಯ, ಅಂಥದೊಂದು ನುಡಿಗೆ ರಾಜಪತ್ರದಲ್ಲಿ ಹೆಸರು ದೊರೆಯಿತು.