ಕೂಲಿಮಠ

ದ್ರಾವಿಡ ಮೂಲದ ‘ಕೂಲಿ’ಯೂ ಸಂಸ್ಕೃತದ ‘ಮಠ’ವೂ ಕೂಡಿ ಆದ, ಹಳ್ಳಿಯ ಹಳೆಯ ಕಾಲದ ಶಾಲೆಗೆ ಹೆಸರಾದ ಈ ಸಮಾಸದಲ್ಲಿ ಸಂನ್ಯಾಸಿಗಳ ಸಂಬಂಧವನ್ನು ಕಲ್ಪಿಸಬೇಕಾದುದಿಲ್ಲ, ಮಠವೆಂದರೆ ಛಾತ್ರರ ವಾಸಸ್ಥಾನವೆಂದು ಅಮರಕೋಶವೇ ಹೇಳುತ್ತದೆ. ಕೂಲಿಯಾದರೋ ಐಗಳಿಗೆ, ಎಂದರೆ ಉಪಾಧ್ಯಾಯರಿಗೆ, ಸಲ್ಲುತ್ತಿದ್ದ ಪ್ರತಿಫಲ: ನಗದಿಗಿಂತ ಹೆಚ್ಚಾಗಿ ರಾಗಿ, ಬತ್ತ, ಹಬ್ಬಕ್ಕೆ ಎಲೆಯಡಕೆ. ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿಯನ್ನು ರಾಗವಾಗಿ ಒಪ್ಪಿಸಿ, ಕಾಗದಪತ್ರ ಓದುವಷ್ಟಾದೊಡನೆ ಹುಡುಗನು ನೇಗಿಲಿಗೆ ಮರಳುತ್ತಿದ್ದನು. ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿದವರಿಗೂ ಪಾಠ ನಡೆಯುತ್ತಿದ್ದ ಜಗಲಿ ಬಹುಮಟ್ಟಿಗೆ ನಿಷಿದ್ಧವಾಗಿದ್ದಿತೆಂಬುದನ್ನು, ಹಳೆಯದೆಲ್ಲವನ್ನೂ ಹೊಗಳುವ ನಮ್ಮ ಚಾಳಿ ಮರೆಸಕೂಡದು.

ಮಂಡ್ಯ ಸೀಮೆಯಲ್ಲಿ ಕೂಲಿಮಠವನ್ನು ದಾಟಿದ ಓದು ನೀರಾವರಿಯ ಬೆನ್ನಿಗೇ ಬಂದಿತು: ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಗಿ, ಕಬ್ಬಿನ ಹಣ ರೈತನ ಕೈಸೇರಿದ ಮೇಲೆಯೇ ಮಗನನ್ನು ಪೇಟೆಯ ಹೈಸ್ಕೂಲಿಗೆ ಕಳುಹಿಸುವ ಧೈರ್ಯ ಹಲವು ಮನೆಗಳಲ್ಲಿ ಮೂಡಿದುದು. 1962ರಲ್ಲಿ ಸ್ಥಳೀಯ ನಾಯಕ ಕೆ. ವಿ. ಶಂಕರಗೌಡರ ಮುಂದಾಳುತನದಿಂದ ಮಂಡ್ಯದಲ್ಲಿಯೇ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು.

ಕೂಲಿಮಠವೆಂಬ ಪದವು ಆಮೇಲೆ ಶಾಲೆಯ ಹೆಸರಾಗಿ ಉಳಿಯದೆ ಓದಿನ ಅಳತೆಯಾಯಿತು. ‘ನಂದೇನಿದ್ರೂ ಕೂಲಿಮಠದ ಓದು ಕಣಪ್ಪ’ ಎಂದು ಮೊಮ್ಮಗನೆದುರು ಹೇಳುತ್ತಲೇ, ಸಾಲದ ಬಡ್ಡಿಯನ್ನು ಕಾಗದ ಮುಟ್ಟದೆ ಲೆಕ್ಕಹಾಕಿಬಿಡುತ್ತಿದ್ದ ತಾತಂದಿರ ಬಾಯಲ್ಲಿ ಆ ಮಾತಿಗೆ ಸಂಕೋಚಕ್ಕಿಂತ ಜಂಬವೇ ಒಂದು ತೂಕ ಹೆಚ್ಚಾಗಿರುತ್ತಿದ್ದಿತು.