ಅಲ್ಜಿಯರ್ಸ್: ರಾಜಧಾನಿಯನ್ನು ರೂಪಿಸಿದ ಕಲ್ಲುಕಟ್ಟೆ

ಅಲ್ಜಿಯರ್ಸ್ ನಗರ ರಾಜಧಾನಿಯಾಗಿ ಬೆಳೆದದ್ದಕ್ಕೆ ಅದರ ಅರ್ಧಚಂದ್ರಾಕಾರದ ಕೊಲ್ಲಿಯೇ ಕಾರಣವೆಂದು ಹೇಳುವುದುಂಟು. ಊರಿನ ಚರಿತ್ರೆಯನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ ಈ ಮಾತು ನಿಲ್ಲುವುದಿಲ್ಲ. ಇದೇ ಜಾಗದಲ್ಲಿ ಪ್ಯೂನಿಕ್ ವರ್ತಕರ ನೆಲೆಯಾಗಿದ್ದ ಇಕೋಸಿಯಂ ರೋಮನ್ನರ ಕಾಲದಲ್ಲೂ ಸಣ್ಣ ಪಟ್ಟಣವೇ ಆಗಿತ್ತು. ಪ್ರಾಂತದ ರಾಜಧಾನಿ ಪಶ್ಚಿಮದ ಸಿಸೇರಿಯಾ, ಅಂದರೆ ಇಂದಿನ ಶೆರ್ಷೆಲ್. ಪಾಳುಬಿದ್ದ ಇಕೋಸಿಯಂನ ಜಾಗದಲ್ಲಿ 10ನೇ ಶತಮಾನದಲ್ಲಿ ಬುಲುಗ್ಗಿನ್ ಇಬ್ನ್ ಝಿರಿ ಹೊಸ ಊರು ಕಟ್ಟಿದ. 11ನೇ ಶತಮಾನದ ಕೊನೆಗೆ ಅಲ್ಮೊರಾವಿದರು ಮಹಾಮಸೀದಿ ಕಟ್ಟಿಸಿದರು. ಆದರೂ ಮುಂದೆ ರಾಜ್ಯಾಧಿಕಾರ ನೆಲೆಸಿದ್ದು ಬೆಜಾಯಾ, ತ್ಲೆಮ್ಸೆನ್‌ಗಳಲ್ಲಿ. ಕೊಲ್ಲಿ ಮೊದಲಿನಿಂದಲೂ ಇದ್ದದ್ದೇ. ಹಾಗಾದರೆ 16ನೇ ಶತಮಾನದಲ್ಲಿ ಹೊಸದಾಗಿ ಸೇರಿದ್ದೇನು ಎಂಬುದನ್ನು ಹುಡುಕಬೇಕು.

ಹೊಸದಾಗಿ ಸೇರಿದ್ದು ಒಂದು ಕಲ್ಲುಕಟ್ಟೆ. ಊರಿನ ಎದುರಿಗಿದ್ದ ನಡುಗಡ್ಡೆಗಳಲ್ಲಿ ಒಂದರ ಮೇಲೆ ಸ್ಪೇನಿನವರು 1510ರಲ್ಲಿ ಪೆನ್ಯೋನ್ ಕೋಟೆ ಕಟ್ಟಿದರು. ಅದರ ಫಿರಂಗಿಗಳ ಗುರಿಗೆ ಇಡೀ ಊರು ಸಿಕ್ಕುತ್ತಿತ್ತು. 1529ರ ಮೇ ತಿಂಗಳಲ್ಲಿ ಅಲ್ಜಿಯರ್ಸ್‌ನ ಅಧಿಪತಿ ಖೈರುದ್ದೀನ್ ಬಾರ್ಬರೋಸಾ ಆ ಕೋಟೆಯನ್ನು ಗೆದ್ದ. ಅದನ್ನು ಕೆಡವಿಸಿ, ಆ ಕಲ್ಲುಗಳನ್ನೂ ಬಳಸಿ ಕಟ್ಟೆ ಕಟ್ಟಿ ನಡುಗಡ್ಡೆಗಳನ್ನು ದಡಕ್ಕೆ ಜೋಡಿಸಿದ. ಉತ್ತರದ ಗಾಳಿಗೆ ಮೈಯೊಡ್ಡಿದ್ದ ಜಾಗದಲ್ಲಿ ಹಡಗುಗಳು ಚಳಿಗಾಲ ಕಳೆಯಬಲ್ಲ ಬಂದರು ಸಿದ್ಧವಾಯಿತು. ಕಟ್ಟೆಯ ಆಸರೆಯಿಲ್ಲದ ಕೊಲ್ಲಿ ಎಷ್ಟು ಅಪಾಯಕಾರಿ ಎಂಬುದಕ್ಕೆ 1541ರ ಅಕ್ಟೋಬರ್ ಸಾಕ್ಷಿ. ಚಕ್ರವರ್ತಿ ಐದನೇ ಚಾರ್ಲ್ಸ್‌ನ ದೊಡ್ಡ ನೌಕಾಪಡೆ ತೆರೆದ ಕೊಲ್ಲಿಯಲ್ಲಿ ಲಂಗರು ಹಾಕಿ ಬಿರುಗಾಳಿಗೆ ಸಿಕ್ಕಿ ಛಿದ್ರವಾಯಿತು.

ಊರನ್ನು ಬೆಳೆಸಿದ್ದು ಕಟ್ಟೆಯೇ ಎಂಬ ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, 11ನೇ ಶತಮಾನದ ಭೂಗೋಳಜ್ಞ ಅಲ್-ಬಕ್ರಿ ಇಲ್ಲಿನ ಬಂದರನ್ನು ಸುರಕ್ಷಿತವೆಂದೇ ವರ್ಣಿಸಿದ್ದಾನೆ. ನಡುಗಡ್ಡೆಗಳ ಮರೆ ವರ್ತಕರ ಹಡಗುಗಳಿಗೆ ಸಾಲುತ್ತಿತ್ತು ಎಂಬುದನ್ನು ಒಪ್ಪಬಹುದು. ಆದರೆ ವರ್ಷವಿಡೀ ನೌಕಾಪಡೆ ನಿಲ್ಲಿಸಲು ಆ ಮರೆ ಸಾಲದು. ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು: ಊರನ್ನು ಬೆಳೆಸಿದ್ದು ಕಟ್ಟೆಯಲ್ಲ, 1519ರ ಸುಮಾರಿಗೆ ದೊರೆತ ಒಟ್ಟೊಮನ್ ಸುಲ್ತಾನನ ಆಶ್ರಯ ಎಂಬುದು. ಆ ಆಶ್ರಯವಿಲ್ಲದೆ ಕಟ್ಟೆಯೂ ಇರುತ್ತಿರಲಿಲ್ಲ, ನಿಜ. ಆದರೆ ಸುಲ್ತಾನನ ಬೆಂಬಲ ಆಳುವವರಿಗೆ ಸಿಕ್ಕಿತೇ ಹೊರತು ಒಂದೇ ಊರಿಗೆ ಕಟ್ಟುಬಿದ್ದಿರಲಿಲ್ಲ. ಬೆಜಾಯಾಕ್ಕೆ ನಿಸರ್ಗವೇ ಕೊಟ್ಟ ಒಳ್ಳೆಯ ಬಂದರಿತ್ತು, ಹಮ್ಮಾದಿದ್ ರಾಜವಂಶದ ರಾಜಧಾನಿಯಾಗಿದ್ದ ಹಿರಿಮೆಯೂ ಇತ್ತು. 1555ರಲ್ಲಿ ಅಲ್ಜಿಯರ್ಸ್‌ನ ಆಡಳಿತಗಾರ ಸಾಲಿಹ್ ರಯೀಸ್ ಅದನ್ನು ಸ್ಪೇನಿನವರಿಂದ ಕಸಿದುಕೊಂಡ ಮೇಲೂ ಆಡಳಿತ ಅಲ್ಲಿಗೆ ಹೋಗಲಿಲ್ಲ. ಅಷ್ಟರಲ್ಲಿ ಕಟ್ಟೆಯ ಸುತ್ತ ಅಲ್ಜಿಯರ್ಸ್‌ನ ನೌಕಾಬಲವೂ ವರಮಾನವೂ ಬೇರುಬಿಟ್ಟಿದ್ದವು.

1830ರಲ್ಲಿ ಫ್ರೆಂಚ್ ಸೇನೆ ಈ ಬಂದರಿಗೆ ನೇರವಾಗಿ ನುಗ್ಗದೆ ಪಶ್ಚಿಮದ ಸಿದಿ ಫೆರೂಚ್‌ನಲ್ಲಿ ಇಳಿದು, ನೆಲದ ಕಡೆಯಿಂದ ಊರನ್ನು ಹಿಡಿಯಿತು. ಅನಂತರ ಬಂದರು ಹಲವು ಪಟ್ಟು ಹಿಗ್ಗಿತು, 1962ರಲ್ಲಿ ಊರು ಸ್ವತಂತ್ರ ದೇಶದ ರಾಜಧಾನಿಯಾಯಿತು. ಈ ಬೆಳವಣಿಗೆಯನ್ನು ಭೂಗೋಳದ ಲೆಕ್ಕಕ್ಕೆ ಬರೆದರೆ, ಕಲ್ಲು ಹೊತ್ತವರು ಚರಿತ್ರೆಯಿಂದ ಹೊರಗುಳಿಯುತ್ತಾರೆ. ಆ ಕಟ್ಟೆಯ ಕೆಲಸಕ್ಕೆ ದುಡಿದವರಲ್ಲಿ ಸೆರೆಸಿಕ್ಕ ಕ್ರೈಸ್ತರು ಬಹಳ ಮಂದಿ. ಬಾರ್ಬರೋಸಾನ ಹೆಸರಿನ ಜೊತೆಗೆ ಅವರ ಬಲವಂತದ ದುಡಿಮೆಯನ್ನೂ ದಾಖಲಿಸಿದಾಗಲೇ ಈ ನಗರದ ಚರಿತ್ರೆ ನ್ಯಾಯವಾದದ್ದಾಗುತ್ತದೆ.