ಮೊಬೈಲಿಗಿಂತ ಮೊದಲು ಹೋದದ್ದು ಬಯಲು

ಪಾಲಕರ ಸಭೆ ಇರಲಿ, ಗ್ರಾಮಸಭೆ ಇರಲಿ, ಮಕ್ಕಳ ಮಾತು ಬಂತೆಂದರೆ ಕೊನೆಗೆ ಬರುವ ದೂರು ಒಂದೇ: "ಹುಡುಗೂರು ಮೊಬೈಲ್ ಬಿಟ್ಟು ಏಳಂಗಿಲ್ರಿ." ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಕೇಳಿದರೂ ಇದೇ ಮಾತು, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕೇಳಿದರೂ ಇದೇ ಮಾತು. ವರದಿಗೆಂದು ಹೋದ ನಾವೂ ಅದನ್ನೇ ಬರೆದುಕೊಂಡು ಬಂದಿದ್ದೇವೆ, ಎಷ್ಟೋ ಸಲ. ಆದರೆ ಹಾಗೆ ಹೇಳಿದವರನ್ನೇ "ಬಿಟ್ಟು ಎದ್ರ ಎಲ್ಲಿ ಹೋಗಿ ಆಡಬೇಕ್ರಿ?" ಎಂದು ಮರಳಿ ಕೇಳಿ ನೋಡಿ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರ್, ಊರ ಸುತ್ತ ಕಬ್ಬು, ಹೊಳೆಯಲ್ಲಿ ನಿಂತ ನೀರು. ಮಕ್ಕಳು ಆಡುತ್ತಿದ್ದ ಜಾಗ ಯಾವಾಗ, ಹೇಗೆ ಹೋಯಿತು ಎಂಬುದನ್ನು ತಿಳಿಯದೆ ಮೊಬೈಲನ್ನು ಬೈದರೆ ಅರ್ಧ ಸತ್ಯ ಹೇಳಿದಂತೆ ಆಗುತ್ತದೆ.

ಮೊದಲು ತುಸು ದೂರ ಹಿಂದಕ್ಕೆ ಹೋಗೋಣ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ಅದರಲ್ಲಿ 20 ಕ್ರೀಡೆಗಳಿಗೇ ಒಂದು ಭಾಗವಿದೆ. ಚದುರಂಗ, ಪಗಡೆ ಅಲ್ಲಿವೆ. ಅವುಗಳ ಜೊತೆಗೆ ಉಯ್ಯಾಲೆ ಆಟ, ನೀರಾಟ, ಹುಲ್ಲುಗಾವಲಿನ ಆಟ, ಮರಳಿನ ಆಟ, ಬೆಳದಿಂಗಳ ಆಟ, ಪೈರಿನ ಹೊಲದ ಆಟವೂ ಇವೆ. ಅದು ಅರಮನೆಯವರಿಗಾಗಿ ಬರೆದ ಪುಸ್ತಕ, ಹಳ್ಳಿಯ ಹುಡುಗರಿಗಲ್ಲ, ನಿಜ. ಆದರೂ ಅಷ್ಟೊಂದು ಆಟಗಳಿಗೆ ಅವು ನಡೆಯುವ ಜಾಗದ ಹೆಸರನ್ನೇ ಇಟ್ಟಿರುವುದು ನಮ್ಮ ಗಮನ ಸೆಳೆಯಿತು. ಆ ಪಟ್ಟಿಯಲ್ಲಿರುವ ಮರಳು, ಹುಲ್ಲು, ಹೊಲ, ಬೆಳದಿಂಗಳು ಎಲ್ಲವೂ ನಮ್ಮ ಭಾಗದ ಮಕ್ಕಳಿಗೂ ಮೊನ್ನೆ ಮೊನ್ನೆಯವರೆಗೆ ಪುಕ್ಕಟೆ ಸಿಗುತ್ತಿದ್ದವು.

ಅದಕ್ಕೆ ಕಾರಣ ಒಣ ಬೇಸಾಯ. ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುತ್ತಿದ್ದ ಕಾಲದಲ್ಲಿ ಶಿವರಾತ್ರಿಯ ಆಸುಪಾಸಿಗೆ ಸುಗ್ಗಿ ಮುಗಿಯುತ್ತಿತ್ತು. ಅಲ್ಲಿಂದ ಮುಂಗಾರು ಮಳೆ ಬೀಳುವತನಕ ಮೂರು-ನಾಲ್ಕು ತಿಂಗಳು ಹೊಲಗಳೆಲ್ಲ ಖಾಲಿ. ಬೇಲಿ ಇಲ್ಲ, ಬೆಳೆ ಇಲ್ಲ, ಹುಡುಗರನ್ನು ಗದರುವವರೂ ಇಲ್ಲ. ಸಾಲಿಗೆ ಸೂಟಿ ಬೀಳುತ್ತಿದ್ದುದೂ ಆಗಲೇ. ಚಿಣಿಪಣಿ ಆಡಲು ಎಷ್ಟು ಉದ್ದದ ಜಾಗ ಬೇಕು ಎಂಬುದು ಆಡಿದವರಿಗೇ ಗೊತ್ತು. ಚೆನ್ನಾಗಿ ಹೊಡೆದರೆ ಚಿಣಿ ಎರಡು ಹೊಲ ದಾಟುತ್ತಿತ್ತು. ಬಗರಿ, ಗೋಲಿ, ಲಗೋರಿಗೆ ಅಷ್ಟು ಜಾಗ ಬೇಡ. ಅವನ್ನು ಅಗಸಿಯ ಮುಂದೆಯೇ ಆಡಬಹುದಿತ್ತು. ಹುತುತುಗೆ ಮೆತ್ತನೆಯ ಮಣ್ಣು ಬೇಕು. ರಾತ್ರಿಗೆ ಕಣ ಇತ್ತು. ನೆಲ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ ಗಟ್ಟಿ ಮಾಡಿದ ಕಣದಲ್ಲಿ ಹಂತಿ ಹೊಡೆಯುವಾಗ ಎತ್ತುಗಳ ಹಿಂದೆ ತಿರುಗುವುದು, ಬಣವಿಯ ಸಂದಿಯಲ್ಲಿ ಅಡಗುವುದು, ಬೆಳದಿಂಗಳಲ್ಲಿ ದೊಡ್ಡವರ ಹಾಡು ಕೇಳುತ್ತ ಅಲ್ಲೇ ನಿದ್ದೆ ಹೋಗುವುದು. ನಮ್ಮಲ್ಲಿ ಮೂವತ್ತು ದಾಟಿದವರಿಗೆ ಇದರ ಕೊನೆಯ ತುಣುಕಷ್ಟೇ ನೆನಪಿದೆ. ರಾಶಿ ಮಾಡುವ ಯಂತ್ರ ಹೊಲಕ್ಕೇ ಬಂದ ಮೇಲೆ ಕಣ ಮಾಡುವವರೂ ಇಲ್ಲವಾದರು.

ಮಳೆಗಾಲದ ಆಟಕ್ಕೆ ಮಣ್ಣೇ ಸಾಮಾನು. ಈ ಭಾಗದಲ್ಲಿ ಮಣ್ಣಿನ ಪೂಜೆಗಳು ಐದು ಎನ್ನುತ್ತಾರೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು, ಜೊತೆಗೊಂದು ಗೋದಲಿ. ಕುಂಬಾರರು ಮನೆಮನೆಗೆ ಎತ್ತು ಕೊಟ್ಟು ಕಾಳು ಒಯ್ಯುತ್ತಿದ್ದರು. ಹುಡುಗರು ತಮ್ಮ ಪಾಡಿಗೆ ತಾವು ಹಳ್ಳದ ಜಿಗುಟು ಮಣ್ಣು ತಂದು ಮಾಡುತ್ತಿದ್ದರು. ಮರುದಿನ ಕಾಲು ಮುರಿದ ಕುಂಟೆತ್ತನ್ನು ಹೊತ್ತು ಮನೆಮನೆ ತಿರುಗಿ ಜೋಳ, ಚಿಲ್ಲರೆ ಎತ್ತುವುದು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ, ಜೋಳದ ಕಾಳು ಚುಚ್ಚಿ ಸಿಂಗಾರ ಮಾಡುತ್ತಿದ್ದರು. ಪಂಚಮಿಗೆ ಬೇವಿನ ಗಿಡಕ್ಕೆ, ಹುಣಸಿ ಗಿಡಕ್ಕೆ ಜೋಕಾಲಿ. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗಿಸುವ ಆಟ. ಯಾವ ಹಳ್ಳದ ಮಣ್ಣು ಬಿರಿಯುವುದಿಲ್ಲ, ಯಾವ ಗಿಡದ ಟೊಂಗೆ ಭಾರ ತಡೆಯುತ್ತದೆ ಎಂಬುದು ಹತ್ತು ವರ್ಷದ ಹುಡುಗಿಗೂ ಗೊತ್ತಿರುತ್ತಿತ್ತು. ಇಂದು ಪರಿಸರ ಅಧ್ಯಯನ ಎಂದು ಪಾಠ ಮಾಡುವುದರಲ್ಲಿ ಅರ್ಧವನ್ನು ಈ ಹಬ್ಬಗಳೇ ಕಲಿಸುತ್ತಿದ್ದವು.

ಹಾಗಂತ ಹಿಂದಿನದೆಲ್ಲ ಚಂದ ಇತ್ತು ಎಂದು ಬರೆದರೆ ನಮ್ಮ ಅವ್ವಂದಿರೇ ನಗುತ್ತಾರೆ. ಹೆಣ್ಣುಮಕ್ಕಳ ಆಟ ಮೈನೆರೆಯುವತನಕ ಮಾತ್ರ. ಆಮೇಲೆ ವರ್ಷಕ್ಕೊಮ್ಮೆ ಪಂಚಮಿಗೆ ತವರಿಗೆ ಬಂದಾಗ ಜೋಕಾಲಿ, ಅಷ್ಟೆ. ಎಮ್ಮೆ ಕಾಯುವ, ತಂಗಿಯನ್ನು ಬಗಲಲ್ಲಿ ಎತ್ತಿಕೊಂಡು ತಿರುಗುವ ಹುಡುಗಿಗೆ ಅದೂ ಪೂರ್ತಿ ಸಿಗುತ್ತಿರಲಿಲ್ಲ. ಎಲ್ಲ ಓಣಿಯ ಹುಡುಗರೂ ಒಂದೇ ಅಂಗಳದಲ್ಲಿ ಆಡುತ್ತಿದ್ದರು ಎನ್ನುವುದೂ ಸುಳ್ಳು. ಯಾರ ಮನೆಯ ಹುಡುಗ ಯಾರ ಕಟ್ಟೆ ಹತ್ತಬಾರದು ಎಂಬ ಲೆಕ್ಕ ಆಟದಲ್ಲೂ ಇತ್ತು.

ಇನ್ನು ನೀರಿನ ಕಥೆ. ಇದಿಲ್ಲದೆ ನಮ್ಮ ಭಾಗದ ಯಾವ ಇತಿಹಾಸವೂ ಪೂರ್ತಿಯಾಗದು. 1876–78ರ ಬರದಲ್ಲಿ ಈ ಭಾಗ ನರಳಿದ್ದನ್ನು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ನೀರು ಬೇಕೆಂಬುದು ಇಲ್ಲಿಯ ತಲೆಮಾರುಗಳ ಆಸೆ. ಘಟಪ್ರಭೆಗೆ ಗೋಕಾಕ ಹತ್ತಿರದ ಧೂಪದಾಳದಲ್ಲಿ ಬ್ರಿಟಿಷರು 1897ರಲ್ಲಿ ಒಡ್ಡು ಕಟ್ಟಿದರು. ಹಿಡಕಲ್ ಜಲಾಶಯ 1977ರಲ್ಲಿ ಪೂರ್ಣಗೊಂಡಿತು, ಎಡದಂಡೆ ಕಾಲುವೆ ನಮ್ಮ ಕಡೆ ಚಾಚಿತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಬಳಿ ರೈತರೇ ಹಣ, ಬೆವರು ಹಾಕಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದನ್ನು ಶ್ರಮಬಿಂದು ಸಾಗರ ಎಂದು ಕರೆಯುತ್ತೇವೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಆಣೆಕಟ್ಟು 2006ರಲ್ಲಿ ಉದ್ಘಾಟನೆಯಾಯಿತು. ಅದರ ಹಿನ್ನೀರಿಗೆ ಬೀಳಗಿ, ಬಾಗಲಕೋಟೆ ಭಾಗದ ಊರುಗಳು ಹೋದವು. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ತಿಮ್ಮಾಪುರ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ರನ್ನನ ಹೆಸರು ಹೊತ್ತ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯೇ.

ಜೋಳದ ಹೊಲ ವರ್ಷದಲ್ಲಿ ನಾಲ್ಕು ತಿಂಗಳು ಮಕ್ಕಳಿಗೆ ಸಿಗುತ್ತಿತ್ತು. ಕಬ್ಬು ವರ್ಷವಿಡೀ ನಿಂತಿರುತ್ತದೆ, ಕಡಿದ ಮೇಲೆ ಕೂಳೆ ಮತ್ತೆ ಚಿಗುರುತ್ತದೆ. ಬೇಸಿಗೆಯ ಆ ಬಯಲು ಹೀಗೆ ಹೋಯಿತು. ಯಾರೂ ಅದನ್ನು ಕಸಿದುಕೊಳ್ಳಲಿಲ್ಲ, ಯಾರೂ ಅದಕ್ಕಾಗಿ ಅರ್ಜಿ ಕೊಡಲಿಲ್ಲ, ಅದೊಂದು ಆಟದ ಮೈದಾನ ಎಂದು ಯಾವ ಉತಾರದಲ್ಲೂ ಬರೆದಿರಲಿಲ್ಲ. ಹೊಳೆಯದೂ ಹಾಗೇ. ಬೇಸಿಗೆಯಲ್ಲಿ ಬತ್ತಿ ಮರಳು ಬಿಡುತ್ತಿದ್ದ ಹೊಳೆಯಲ್ಲಿ ಈಗ ಬ್ಯಾರೇಜಿನ ನೀರು ನಿಲ್ಲುತ್ತದೆ; ಉಳಿದ ಕಡೆ ಮರಳು ಟ್ರಕ್ ಹತ್ತಿ ಹೋಯಿತು, ಅದು ತೆಗೆದ ಗುಂಡಿಗಳು ಉಳಿದವು. ಅಂಥ ಹೊಳೆಗೆ ಮಕ್ಕಳನ್ನು ಕಳಿಸುವ ಧೈರ್ಯ ನಮಗೂ ಇಲ್ಲ. ಇನ್ನು ಗಾಯರಾಣ ಜಮೀನು. ದನ ಮೇಯಲು ಬಿಟ್ಟಿದ್ದ ಆ ನೆಲ ಸಾಲಿ, ಸೊಸೈಟಿ, ನೀರಿನ ಟಾಕಿ, ಆಶ್ರಯ ಮನೆ ಎಂದು ಕರಗಿತು, ಒಂದಿಷ್ಟು ಒತ್ತುವರಿಯಾಯಿತು. ಅದರಲ್ಲಿ ಬಹುಪಾಲು ಬೇಕಾದ ಕೆಲಸಗಳೇ. ನಮ್ಮ ಕಾಲೇಜಿನ ಫೀಯೂ ಕಬ್ಬಿನ ಬಿಲ್ಲಿನಿಂದಲೇ ಬಂದದ್ದು. ಇದನ್ನು ಮುಚ್ಚಿಟ್ಟು ಬರೆಯಲಾರೆವು.

ಇಷ್ಟಾದ ಮೇಲೆ ತೆರೆಯ ಸರದಿ. ಮೊದಲು ಬಂದ ಟಿ.ವಿ. ಮಕ್ಕಳನ್ನು ಒಳಗೆ ಕೂಡಿಹಾಕಲಿಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ, ಮರುವರ್ಷ ಮಹಾಭಾರತ ಶುರುವಾದಾಗ ಊರಿಗೆ ಒಂದೋ ಎರಡೋ ಟಿ.ವಿ. ಇದ್ದ ಕಾಲ. ಭಾನುವಾರ ಒಂದು ತಾಸು ನೋಡಿ, ಉಳಿದ ಆರು ದಿನ ಜೋಳದ ದಂಟಿನ ಬಾಣ ಹಿಡಿದು ಹೊರಗೆ ಯುದ್ಧ. 1997ರಲ್ಲಿ ಶಕ್ತಿಮಾನ್ ಬಂದಾಗ ನಾವೂ ಹೆಗಲಿಗೆ ಟವೆಲ್ ಕಟ್ಟಿಕೊಂಡು ಬಣವಿಯಿಂದ ಹಾರಿದವರೇ. ನೋಡಿದ್ದನ್ನು ಆಡಲು ಹೊರಗೆ ಜಾಗ ಇನ್ನೂ ಸ್ವಲ್ಪ ಇತ್ತು.

ಮೊಬೈಲ್ ಬರುವ ಹೊತ್ತಿಗೆ ಆ ಜಾಗವೂ ಇರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ಶಾಲೆಗಳು ಮುಚ್ಚಿದವು. ಅದುವರೆಗೆ ಮಕ್ಕಳ ಕೈಗೆ ಫೋನ್ ಕೊಡಬೇಡಿ ಎನ್ನುತ್ತಿದ್ದವರೇ ಪಾಠಕ್ಕಾಗಿ ಫೋನ್ ಕೊಡಿಸಿ ಎಂದರು. ಸಾಲ ಮಾಡಿ ಕೊಡಿಸಿದವರು ಎಷ್ಟೋ ಮಂದಿ. ಆ ವರ್ಷ ಇನ್ನೊಂದು ಸಂಗತಿಯೂ ನಡೆಯಿತು, ಅದನ್ನು ಈಗ ಯಾರೂ ನೆನೆಯುವುದಿಲ್ಲ. ಆಗಸ್ಟಿನಲ್ಲಿ ರಾಜ್ಯ ಸರ್ಕಾರ 'ವಿದ್ಯಾಗಮ' ಶುರು ಮಾಡಿತು. ಶಿಕ್ಷಕರೇ ಓಣಿಗೆ ಬಂದು ಗುಡಿಯ ಕಟ್ಟೆ, ಗಿಡದ ನೆರಳಿನಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಮುಂದೆ ಶಾಲೆಗಳು ತೆರೆದವು. ಗಿಡದ ನೆರಳಿನ ಪಾಠ ನೆನಪಾಗಿ ಉಳಿಯಿತು, ಫೋನ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು.

ಇದರಿಂದ ಏನು ಹಾಳಾಗುತ್ತದೆ ಎನ್ನುವವರಿಗೆ ಕಣ್ಣಿನ ಒಂದು ಲೆಕ್ಕ ಹೇಳಬಹುದು. ಚೀನಾದ ಗುವಾಂಗ್ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ಮೂರು ವರ್ಷ ಅಧ್ಯಯನ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಮಕ್ಕಳನ್ನು ಹೊರಗೆ ಬಿಟ್ಟರು, ಅಷ್ಟೆ. ಹಾಗೆ ಬಿಟ್ಟ ಶಾಲೆಗಳಲ್ಲಿ 30.4 ಶೇಕಡಾ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂತು, ಬಿಡದ ಶಾಲೆಗಳಲ್ಲಿ 39.5 ಶೇಕಡಾ. ಔಷಧಿ ಇಲ್ಲ, ಯಂತ್ರ ಇಲ್ಲ, ಬರೀ ಬಿಸಿಲು-ಬೆಳಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಬೇಕಾದವುಗಳ ಪಟ್ಟಿಯಿದೆ. ಅದರಲ್ಲಿ ಆಟದ ಮೈದಾನವೂ ಒಂದು. ಉದ್ಯೋಗ ಖಾತ್ರಿಯಲ್ಲಿ ಶಾಲಾ ಮೈದಾನ ಮಾಡಿಸಿಕೊಂಡ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿವೆ. ಆದರೆ ಗ್ರಾಮಸಭೆಯಲ್ಲಿ ಗಟಾರ, ಸಿ.ಸಿ. ರಸ್ತೆ ಕೇಳುವ ಕೈಗಳು ಎಷ್ಟು, ಮೈದಾನ ಕೇಳುವ ಕೈಗಳು ಎಷ್ಟು? ನಾವು ವರದಿ ಮಾಡಿದ ಸಭೆಗಳಲ್ಲಿ ಮಕ್ಕಳ ಆಟದ ಜಾಗಕ್ಕಾಗಿ ಯಾರೂ ಎದ್ದು ನಿಂತದ್ದು ನಮಗೆ ನೆನಪಿಲ್ಲ. ನಾವಾದರೂ ಕೇಳಿದೆವೇ? ಇಲ್ಲ.

ಕಬ್ಬು ನುರಿಸುವ ಹಂಗಾಮಿನಲ್ಲಿ ಒಮ್ಮೆ ಸಂಜೆ ತಿರುಗಾಡಿ ಬಂದರೆ ಹೊರಗೆ ಆಡುವ ಮಕ್ಕಳು ಕಾಣುವುದು ಮುಖ್ಯವಾಗಿ ಎರಡು ಕಡೆ. ಒಂದು, ಕಟಾವಿನ ಗ್ಯಾಂಗಿನವರ ಗುಡಿಸಲುಗಳ ಹತ್ತಿರ. ಅವ್ವ ಅಪ್ಪ ಕಬ್ಬಿನಲ್ಲಿ, ಸಾಲಿ ತಮ್ಮೂರಲ್ಲಿ, ಮಕ್ಕಳು ಹಾದಿಯ ಬದಿಯಲ್ಲಿ. ಅವರ ಆಟ ನೋಡಿ ಖುಷಿಪಡುವ ಹಾಗಿಲ್ಲ; ಹತ್ತು ಹೆಜ್ಜೆಯಲ್ಲೇ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಹೋಗುತ್ತಿರುತ್ತದೆ. ಇನ್ನೊಂದು, ಆಗಷ್ಟೇ ಕಬ್ಬು ಕಡಿದ ಪ್ಲಾಟು. ರವದಿ ಸುಟ್ಟ ಕರಿ ನೆಲದಲ್ಲಿ ಊರ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಕೂಳೆ ಕಾಲಿಗೆ ಚುಚ್ಚುತ್ತದೆ ಎಂದು ಪಿಚ್ಚಿನಷ್ಟು ಜಾಗ ಮಾತ್ರ ಸವರಿಕೊಂಡಿರುತ್ತಾರೆ, ಬೂದಿಗೆ ಕಾಲು, ಚೆಂಡು ಎಲ್ಲ ಕಪ್ಪು. ಫೋನ್ ಇರುವ ಹುಡುಗ ಅದನ್ನು ಬದುವಿನ ಮೇಲೆ ಚಪ್ಪಲಿಯಲ್ಲಿ ಇಟ್ಟಿರುತ್ತಾನೆ, ಮ್ಯಾಚ್ ಮುಗಿಯುವತನಕ ಅತ್ತ ನೋಡುವುದಿಲ್ಲ.

ಅಂಥ ಒಂದು ಪ್ಲಾಟಿನಲ್ಲಿ ನಾವು ಮಾತಾಡಿಸಿದ ಹುಡುಗನಿಗೆ ಹನ್ನೊಂದು ವರ್ಷ ಇರಬಹುದು. ಇಲ್ಲಿ ಎಷ್ಟು ದಿನ ಆಡ್ತೀರಿ ಎಂದು ಕೇಳಿದೆವು. ಚೆಂಡು ಹುಡುಕುತ್ತಲೇ ಹೇಳಿದ: "ಕಾಕಾ ನೀರ ಬಿಡೋತನಕರಿ. ನಾಡದ ಬಿಡ್ತಾರಂತ."